ಲ್ಯಾಪ್‌ಟಾಪ್ ಖರೀದಿ: ಬೆಲೆ, ಸಾಮರ್ಥ್ಯ ಮತ್ತು ಬಾಳಿಕೆಯ ತುಲನೆ

ಹಿಂದೆ ಮಧ್ಯಮವರ್ಗದ ಸಂಸಾರವೊಂದು ಹೊಲಿಗೆ ಯಂತ್ರವನ್ನೋ ರೇಡಿಯೋವನ್ನೋ ಕೊಳ್ಳಬೇಕಾದರೆ ತಿಂಗಳುಗಟ್ಟಲೆ ಆಲೋಚಿಸುತ್ತಿತ್ತು. ನಾಲ್ಕು ಮಂದಿ ಬಲ್ಲವರನ್ನು ವಿಚಾರಿಸಿ, ಎರಡು ಅಂಗಡಿ ಅಲೆದು, ಕೊನೆಗೆ ಕೊಂಡ ವಸ್ತುವನ್ನು ಇಪ್ಪತ್ತು ವರ್ಷ ಬಾಳಿಸುತ್ತಿತ್ತು. ಇಂದು ಅದೇ ಸಂಸಾರ ಮಗಳನ್ನು ಕಾಲೇಜಿಗೆ ಸೇರಿಸುವ ವೇಳೆಗೆ ಅರವತ್ತು ಸಾವಿರ ರೂಪಾಯಿಯ ಲ್ಯಾಪ್‌ಟಾಪನ್ನು ಅರ್ಧ ಗಂಟೆಯಲ್ಲಿ ಆರಿಸಿಬಿಡುತ್ತದೆ. ಅವಸರ ಇದಕ್ಕೆ ಒಂದು ಕಾರಣವಾದರೆ, ಆ ಯಂತ್ರದ ಗುಣದೋಷಗಳನ್ನು ಹೇಳುವ ಭಾಷೆ ಮನೆಯ ಹಿರಿಯರಿಗೆ ಪರಿಚಿತವಲ್ಲದಿರುವುದು ಮತ್ತೊಂದು ಕಾರಣ. ಆ ಭಾಷೆಯನ್ನು ತಕ್ಕಮಟ್ಟಿಗೆ ಪರಿಚಯಿಸಿ, ಬೆಲೆ, ಸಾಮರ್ಥ್ಯ, ಬಾಳಿಕೆ ಎಂಬ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕ್ರಮವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಚೆನ್ನೈ ನಿವಾಸಿಗಳಾದ ನಮಗೆ ಈ ವಿಷಯದಲ್ಲಿ ಒಂದು ಸಮೀಪದ ನಿದರ್ಶನವಿದೆ. ತಮಿಳುನಾಡು ಸರ್ಕಾರವು 2011ರ ಸೆಪ್ಟೆಂಬರ್‌ನಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ನೀಡುವ ಯೋಜನೆಯನ್ನು ಆರಂಭಿಸಿದಾಗ ಖರೀದಿಯ ಹೊಣೆ ಹೊತ್ತದ್ದು ಎಲ್‌ಕಾಟ್ ಎಂಬ ಸರ್ಕಾರಿ ಸಂಸ್ಥೆ. ಇಂತಹ ಟೆಂಡರುಗಳಲ್ಲಿ ಮೊದಲು ಯಂತ್ರಕ್ಕೆ ಇರಲೇಬೇಕಾದ ಕನಿಷ್ಠ ಗುಣಲಕ್ಷಣಗಳನ್ನು ಲಿಖಿತವಾಗಿ ಗೊತ್ತುಪಡಿಸುತ್ತಾರೆ. ಆ ಮಟ್ಟವನ್ನು ಮುಟ್ಟಿದವರ ನಡುವೆ ಮಾತ್ರ ಬೆಲೆಯ ಹೋಲಿಕೆ ನಡೆಯುತ್ತದೆ. ನಮ್ಮಲ್ಲಿ ಬಹುಮಂದಿ ಮಾಡುವುದು ಇದಕ್ಕೆ ತಿರುವುಮುರುವು. ಮೊದಲು ರಿಯಾಯಿತಿಯನ್ನು ನೋಡಿ, ಆಮೇಲೆ ಆ ಯಂತ್ರ ನಮಗೆ ಏಕೆ ಬೇಕೆಂಬುದಕ್ಕೆ ಕಾರಣ ಹುಡುಕುತ್ತೇವೆ.

ಅಗತ್ಯದ ನಿರ್ಣಯ

ಆದುದರಿಂದ ಅಂಗಡಿಗೆ ಹೋಗುವ ಮುನ್ನ ಒಂದು ಕಾಗದದಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳತಕ್ಕದ್ದು. ಯಾರು ಬಳಸುವವರು? ಯಾವ ಕೆಲಸಕ್ಕೆ? ಎಷ್ಟು ವರ್ಷ ಬಾಳಬೇಕು?

ವಾಣಿಜ್ಯ ಅಥವಾ ಕಲಾ ವಿಭಾಗದ ವಿದ್ಯಾರ್ಥಿ, ಮನೆಯಲ್ಲಿ ಲೆಕ್ಕಪತ್ರ ನೋಡುವವರು, ನಿವೃತ್ತ ಹಿರಿಯರು, ಇವರಿಗೆಲ್ಲ ಸಾಧಾರಣ ಸಾಮರ್ಥ್ಯದ ಯಂತ್ರ ಧಾರಾಳವಾಗಿ ಸಾಕು. ವಾಸ್ತುಶಿಲ್ಪ, ಯಂತ್ರವಿನ್ಯಾಸ, ಚಲನಚಿತ್ರ ಸಂಕಲನ ಮುಂತಾದವನ್ನು ಕಲಿಯುವವರಿಗೆ ಮಾತ್ರ ಪ್ರತ್ಯೇಕ ಗ್ರಾಫಿಕ್ಸ್ ಅಂಗವುಳ್ಳ, ಹೆಚ್ಚು ಬೆಲೆಯ ಯಂತ್ರ ಬೇಕಾದೀತು. ಇಂತಹ ಯಂತ್ರ ಸಾಮಾನ್ಯವಾಗಿ ಎರಡು ಕಿಲೋಗ್ರಾಂಗೂ ಮಿಕ್ಕಿ ತೂಗುತ್ತದೆ; ಜೊತೆಗೆ ಭಾರವಾದ ಚಾರ್ಜರ್ ಬೇರೆ. ತಾಂಬರಂನಿಂದ ದಿನವೂ ಲೋಕಲ್ ರೈಲಿನಲ್ಲಿ ನಿಂತು ಪ್ರಯಾಣ ಮಾಡುವ ವಿದ್ಯಾರ್ಥಿನಿಗೆ ಈ ಹೊರೆ ಬೇಕೇ ಎಂಬುದನ್ನು ಮೊದಲೇ ಯೋಚಿಸುವುದು ಲೇಸು. ಕಾಲೇಜು ತನಗೆ ಬೇಕಾದ ಕನಿಷ್ಠ ಗುಣಲಕ್ಷಣಗಳ ಪಟ್ಟಿಯನ್ನು ಕೊಡುವುದಾದರೆ ಅದನ್ನು ಪಡೆದೇ ಮುಂದುವರಿಯಬೇಕು.

ಗುಣಲಕ್ಷಣಗಳನ್ನು ಓದುವ ಬಗೆ

1. ಪ್ರೊಸೆಸರ್: ಇದು ಯಂತ್ರದ ಮೆದುಳು. ಐ3ಕ್ಕಿಂತ ಐ5, ಐ5ಕ್ಕಿಂತ ಐ7 ಮೇಲು ಎಂಬ ನಂಬಿಕೆ ಒಂದೇ ಪೀಳಿಗೆಯ ಯಂತ್ರಗಳ ನಡುವೆ ಮಾತ್ರ ಸ್ಥೂಲವಾಗಿ ನಿಜ. ಇಂಟೆಲ್ ಸಂಸ್ಥೆಯ ಐ7 7500ಯು ಎಂಬುದು 2016ರದು. ಅದರಲ್ಲಿ ಎರಡೇ ಗಣನಾಕೇಂದ್ರಗಳಿವೆ. ಐ5 1235ಯು ಎಂಬುದು 2022ರದು. ಅದರಲ್ಲಿ ಹತ್ತು ಇವೆ. ಹೆಸರಿನಲ್ಲಿ ಕಿರಿಯದಾದದ್ದು ಕೆಲಸದಲ್ಲಿ ಹಿರಿಯದು. ಎಎಂಡಿ ಸಂಸ್ಥೆಯ ರೈಜೆನ್ 7000 ಸರಣಿಯಲ್ಲಿ ನಾಲ್ಕು ಅಂಕೆಗಳ ಪೈಕಿ ಮೂರನೆಯದು ವಿನ್ಯಾಸದ ಪೀಳಿಗೆಯನ್ನು ತಿಳಿಸುತ್ತದೆ. 7520ಯು ಎಂಬಲ್ಲಿ ಆ ಅಂಕೆ 2. ಅಂದರೆ ಅದರ ಒಳವಿನ್ಯಾಸ 2019ರಲ್ಲಿ ಬಂದದ್ದು. ಆದುದರಿಂದ ಪೂರ್ಣ ಸಂಖ್ಯೆಯನ್ನು ಓದದೆ ಬರಿಯ ಹೆಸರಿಗೆ ಮಾರುಹೋಗಬಾರದು.

2. ರ‍್ಯಾಮ್: ಇದನ್ನು ಕೆಲಸದ ಮೇಜಿಗೆ ಹೋಲಿಸಬಹುದು. ಮೇಜು ದೊಡ್ಡದಾದಷ್ಟೂ ಏಕಕಾಲಕ್ಕೆ ಹೆಚ್ಚು ಕಡತಗಳನ್ನು ಹರಡಿಕೊಳ್ಳಬಹುದು. ಸಾಧಾರಣ ಕೆಲಸಕ್ಕೆ 8 ಜಿಬಿ ನಡೆದೀತು. ಐದಾರು ವರ್ಷ ಬಳಸುವ ಉದ್ದೇಶವಿದ್ದರೆ 16 ಜಿಬಿ ಒಳಿತು. ಹಲವು ತೆಳು ಯಂತ್ರಗಳಲ್ಲಿ ರ‍್ಯಾಮನ್ನು ಮೂಲಫಲಕಕ್ಕೇ ಬೆಸೆದಿರುತ್ತಾರೆ. ಅದನ್ನು ಮುಂದೆ ಹೆಚ್ಚಿಸಲಾಗದು. "ಖಾಲಿ ಸ್ಲಾಟ್ ಉಂಟೇ?" ಎಂಬ ಒಂದು ಪ್ರಶ್ನೆ ಮುಂದಿನ ಹಲವು ಸಾವಿರ ರೂಪಾಯಿಗಳನ್ನು ಉಳಿಸಬಲ್ಲದು.

3. ಸಂಗ್ರಹ: ಇದು ಕಡತಗಳ ಬೀರು. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್‌ಗಿಂತ ಎಸ್‌ಎಸ್‌ಡಿ ಅತಿ ವೇಗದ್ದು, ಕುಲುಕಾಟವನ್ನೂ ತಾಳಬಲ್ಲದು. 512 ಜಿಬಿ ಎಂದು ಮುದ್ರಿಸಿದ್ದರೂ ಪರದೆಯ ಮೇಲೆ ಸುಮಾರು 476 ಎಂದು ಕಾಣುವುದುಂಟು. ಇದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಬರುವ ವ್ಯತ್ಯಾಸವಷ್ಟೆ.

4. ಪರದೆ: ದಿನಕ್ಕೆ ಆರೇಳು ಗಂಟೆ ಕಣ್ಣಿಗೆ ಬೀಳುವ ಭಾಗ ಇದಾದರೂ ಖರೀದಿಯಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾಗುವುದೂ ಇದೇ. ಹಳೆಯ 1366×768 ಬಿಂದುಗಳ ಪರದೆಯಲ್ಲಿ ನಮ್ಮ ಕನ್ನಡದ ಒತ್ತಕ್ಷರಗಳು ಸಣ್ಣ ಅಳತೆಯಲ್ಲಿ ಕಲಸಿಹೋದಂತೆ ಕಾಣುತ್ತವೆ. 1920×1080 ಬಿಂದುಗಳದರಲ್ಲಿ ಸ್ಪಷ್ಟವಾಗಿರುತ್ತವೆ. ಐಪಿಎಸ್ ಜಾತಿಯ ಪರದೆ ಓರೆಯಿಂದ ನೋಡಿದರೂ ಬಣ್ಣಗೆಡದು. ಬೆಳಕಿನ ಪ್ರಮಾಣವನ್ನು ನಿಟ್ ಎಂಬ ಮಾನದಲ್ಲಿ ಹೇಳುತ್ತಾರೆ; ಕಿಟಕಿಯ ಬಳಿ ಕುಳಿತು ಓದುವವರಿಗೆ 250 ಸಾಲದು, 300ಕ್ಕೆ ಮೇಲಿರುವುದು ಹಿತ.

5. ಬ್ಯಾಟರಿ: "ಹತ್ತು ಗಂಟೆ ಬರುತ್ತದೆ" ಎಂಬುದು ಜಾಹೀರಾತಿನ ಮಾತು. ವಾಟ್-ಅವರ್ ಎಂಬ ಅಂಕೆಯನ್ನು ನೋಡುವುದು ಲೆಕ್ಕದ ಮಾತು. ಸರಾಸರಿ 8 ವಾಟ್ ಬಳಸುವ ಯಂತ್ರದಲ್ಲಿ 40 ವಾಟ್-ಅವರ್‌ನ ಬ್ಯಾಟರಿ ಸುಮಾರು ಐದು ಗಂಟೆ ಬಾಳುತ್ತದೆ.

ಗಟ್ಟಿತನದ ಪರೀಕ್ಷೆ

ಗುಣಲಕ್ಷಣಗಳ ಪಟ್ಟಿಯಲ್ಲಿ ಅಚ್ಚಾಗದ ಸಂಗತಿಯೆಂದರೆ ಗಟ್ಟಿತನ. "ಹೊರಗೆ ಥಳುಕು ಒಳಗೆ ಹುಳುಕು" ಎಂಬ ಗಾದೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಇದಕ್ಕಾಗಿಯೇ, ಕೊನೆಗೆ ಎಲ್ಲಿಂದ ಕೊಂಡರೂ ಸರಿ, ಆ ಮಾದರಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡುವುದು ಅಗತ್ಯ. ಅಣ್ಣಾ ಸಾಲೈಗೆ ಹೊಂದಿಕೊಂಡ ರಿಚಿ ಸ್ಟ್ರೀಟಿನಲ್ಲಿ ಹೊಸ ಯಂತ್ರ, ಹಳೆಯ ಯಂತ್ರ, ಬಿಡಿಭಾಗ, ದುರಸ್ತಿ ಎಲ್ಲವೂ ಒಂದೇ ಕಡೆ ದೊರೆಯುವುದರಿಂದ ಒಂದು ಮಧ್ಯಾಹ್ನದಲ್ಲಿ ಹಲವನ್ನು ಹೋಲಿಸಬಹುದು. ನೋಡತಕ್ಕ ಅಂಶಗಳು ಇವು:

ಅ) ಮುಚ್ಚಳವನ್ನು ಒಂದು ಮೂಲೆಯಿಂದ ಹಿಡಿದು ನಿಧಾನವಾಗಿ ತೆರೆಯಿರಿ. ಪರದೆ ತಿರುಚಿಕೊಳ್ಳುವಂತಿದ್ದರೆ, ಕೀಲು ಕಿರುಗುಟ್ಟಿದರೆ ಎಚ್ಚರ. ಅಗ್ಗದ ಯಂತ್ರಗಳಲ್ಲಿ ಲೋಹದ ಕೀಲನ್ನು ಪ್ಲಾಸ್ಟಿಕ್ಕಿನಲ್ಲಿ ಕೂರಿಸಿದ ಸಣ್ಣ ತಿರುಪುಗಳೇ ಹಿಡಿದಿರುತ್ತವೆ. ದಿನಕ್ಕೆ ಹತ್ತು ಸಲ ತೆರೆದು ಮುಚ್ಚಿದರೆ ಎರಡು ವರ್ಷಕ್ಕೆ ಏಳು ಸಾವಿರ ಸಲವಾಯಿತು. ಮೊದಲು ಕೈಕೊಡುವುದು ಆ ಜಾಗವೇ.

ಆ) ಕೀಲಿಮಣೆಯ ನಡುಭಾಗವನ್ನು ಬೆರಳಿನಿಂದ ಒತ್ತಿ ನೋಡಿ. ಹಪ್ಪಳದಂತೆ ಬಾಗಿದರೆ ಒಳಗಿನ ಆಧಾರ ದುರ್ಬಲವೆಂದು ಅರ್ಥ.

ಇ) ಚಾರ್ಜರ್ ತಂತಿ ಸಿಕ್ಕಿಸುವ ಕಿಂಡಿಯನ್ನು ಅಲ್ಲಾಡಿಸಿ ನೋಡಿ. ಬಿಸಿಗಾಳಿ ಹೊರಹೋಗುವ ಕಿಂಡಿ ಎಲ್ಲಿದೆ, ಕಾಲು ಗಂಟೆ ಓಡಿಸಿದ ಮೇಲೆ ಯಂತ್ರದ ತಳ ಎಷ್ಟು ಕಾಯುತ್ತದೆ ಎಂಬುದನ್ನೂ ಗಮನಿಸಿ. ಚೆನ್ನೈಯ ಮೇ ತಿಂಗಳ ಸೆಕೆಯಲ್ಲಿ ಇದು ಸಣ್ಣ ವಿಷಯವಲ್ಲ.

ಕೆಲವು ಯಂತ್ರಗಳ ಮೇಲೆ ಮಿಲ್-ಎಸ್‌ಟಿಡಿ-810 ಎಂಬ ಅಮೆರಿಕದ ಸೈನಿಕ ಮಾನದಂಡದ ಹೆಸರಿರುತ್ತದೆ. ಆ ಮಾನದಂಡದಲ್ಲಿ ಹಲವು ಬಗೆಯ ಪರೀಕ್ಷೆಗಳಿದ್ದು, ಯಾವುದನ್ನು ಮಾಡಬೇಕೆಂಬುದನ್ನು ತಯಾರಕರೇ ಆರಿಸಿಕೊಳ್ಳಬಹುದು. ಸೈನ್ಯವು ಮುದ್ರೆಯೊತ್ತಿ ಕೊಡುವ ಪ್ರಮಾಣಪತ್ರ ಅದಲ್ಲ. ಸಮುದ್ರಕ್ಕೆ ಸಮೀಪವಾದ ಬೆಸೆಂಟ್ ನಗರ, ತಿರುವಾನ್ಮಿಯೂರು ಮೊದಲಾದ ಕಡೆ ವಾಸಿಸುವವರು ಉಪ್ಪುಗಾಳಿ ಲೋಹಕ್ಕೆ ಶತ್ರುವೆಂಬುದನ್ನು ಬಲ್ಲರು. ಬಳಸದ ವೇಳೆ ಯಂತ್ರವನ್ನು ಚೀಲದಲ್ಲಿಡುವುದು ಲೇಸು.

ಬೆಲೆಯ ನಿಜವಾದ ಲೆಕ್ಕ

ಬಿಲ್ಲಿನಲ್ಲಿ ಬರೆದ ಮೊತ್ತವೇ ಬೆಲೆಯಲ್ಲ. ವಸ್ತುವಿನಿಂದ ದೊರೆಯುವ ಒಂದು ವರ್ಷದ ಸೇವೆಗೆ ಎಷ್ಟು ತೆತ್ತೆವೆಂಬುದೇ ನಿಜವಾದ ಬೆಲೆ. ಲೆಕ್ಕದ ಅನುಕೂಲಕ್ಕಾಗಿ ಮೂರು ಕಾಲ್ಪನಿಕ ಯಂತ್ರಗಳನ್ನು ತೆಗೆದುಕೊಳ್ಳೋಣ.

ಮೊದಲನೆಯದು 38,000 ರೂ.; ಮೂರು ವರ್ಷ ಬಾಳಿ, ಕೊನೆಗೆ 4,000 ರೂ.ಗೆ ಮಾರಾಟವಾಗುತ್ತದೆ. ನಿವ್ವಳ ವೆಚ್ಚ 34,000 ರೂ.; ವರ್ಷಕ್ಕೆ ಸುಮಾರು 11,333 ರೂ.

ಎರಡನೆಯದು 58,000 ರೂ.; ಗಟ್ಟಿಯಾದದ್ದು. ನಡುವೆ ಬ್ಯಾಟರಿ ಮತ್ತು ರ‍್ಯಾಮ್‌ಗೆ 7,000 ರೂ. ಖರ್ಚಾಗಿ, ಆರು ವರ್ಷದ ಮೇಲೆ 5,000 ರೂ. ಬರುತ್ತದೆ. ನಿವ್ವಳ 60,000 ರೂ.; ವರ್ಷಕ್ಕೆ 10,000 ರೂ.

ಮೂರನೆಯದು 95,000 ರೂ.; ಅದಕ್ಕೂ ಅಷ್ಟೇ ಖರ್ಚು, ಅಷ್ಟೇ ಆಯುಸ್ಸು, ಕೊನೆಗೆ 12,000 ರೂ. ನಿವ್ವಳ 90,000 ರೂ.; ವರ್ಷಕ್ಕೆ 15,000 ರೂ.

ಅತಿ ಅಗ್ಗದ್ದು ನಿಜದಲ್ಲಿ ಅಗ್ಗವಲ್ಲ. ಅತಿ ದುಬಾರಿಯದಕ್ಕೆ ತೆತ್ತ ಹೆಚ್ಚಿನ ಹಣ ಸಾಧಾರಣ ಬಳಕೆದಾರನಿಗೆ ಹೆಚ್ಚಿನ ವರ್ಷಗಳನ್ನು ತರಲಿಲ್ಲ. ಇದಲ್ಲದೆ, ಮೊದಲನೆಯ ಯಂತ್ರ ನಾಲ್ಕು ವರ್ಷದ ಎಂಜಿನಿಯರಿಂಗ್ ವ್ಯಾಸಂಗದ ಕೊನೆಯ ವರ್ಷದಲ್ಲಿ, ಪ್ರಾಜೆಕ್ಟ್ ಮತ್ತು ಉದ್ಯೋಗ ಸಂದರ್ಶನಗಳ ಹೊತ್ತಿಗೆ ಕೈಬಿಡುತ್ತದೆ ಎಂಬುದನ್ನು ಅಂಕೆ ಹೇಳುವುದಿಲ್ಲ, ತಂದೆತಾಯಿಗಳೇ ಊಹಿಸಿಕೊಳ್ಳಬೇಕು.

ಹಳೆಯ ಯಂತ್ರ ಕೊಳ್ಳುವವರಿಗೆ ಒಂದು ಮಾತು. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಮೇಲೆ ಹೇಳಿದ ಐ7 7500ಯು ವಿಂಡೋಸ್ 11ರ ಅಂಗೀಕೃತ ಪಟ್ಟಿಯಲ್ಲಿಲ್ಲ. ಇಂತಹ ಯಂತ್ರ ಎಷ್ಟೇ ಅಗ್ಗವಾಗಿ ಸಿಕ್ಕರೂ ಬ್ಯಾಂಕ್ ವ್ಯವಹಾರಕ್ಕೆ ಸುರಕ್ಷಿತವಲ್ಲ. ಚೆನ್ನೈಯ ಸಿ-ಡ್ಯಾಕ್ ಕೇಂದ್ರದಲ್ಲಿ ರೂಪುಗೊಂಡ ಬಾಸ್ ಲಿನಕ್ಸ್‌ನಂತಹ ಉಚಿತ ವ್ಯವಸ್ಥೆಗಳನ್ನು ಬಳಸಬಲ್ಲವರ ಮಾತು ಬೇರೆ.

ಸಾಲ ಮತ್ತು ಕಂತು

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ವ್ಯಾಸಂಗಕ್ಕೆ ಅಗತ್ಯವಿದ್ದರೆ, ನ್ಯಾಯವಾದ ಬೆಲೆಯ ಗಣಕಯಂತ್ರವನ್ನೂ ವೆಚ್ಚದಲ್ಲಿ ಸೇರಿಸಲು ಅವಕಾಶವಿದೆ. ಆದರೆ "ಹೇಗೂ ಸಾಲದಲ್ಲಿ ಬರುತ್ತದೆ" ಎಂದು ಇಪ್ಪತ್ತು ಸಾವಿರ ರೂಪಾಯಿ ಹೆಚ್ಚಿನದನ್ನು ಆರಿಸುವವರು ಮುಂದಿನದನ್ನು ನೋಡಬೇಕು. ಬಡ್ಡಿ ಶೇಕಡಾ 10 ಎಂದಿಟ್ಟುಕೊಂಡರೆ, ನಾಲ್ಕು ವರ್ಷದ ವ್ಯಾಸಂಗ ಮತ್ತು ಒಂದು ವರ್ಷದ ವಿರಾಮ ಸೇರಿ ಐದು ವರ್ಷದ ಸರಳಬಡ್ಡಿಯೇ 10,000 ರೂ. ಮರುಪಾವತಿ ಆರಂಭವಾಗುವ ದಿನ ಆ ಇಪ್ಪತ್ತು ಸಾವಿರ ಮೂವತ್ತು ಸಾವಿರವಾಗಿರುತ್ತದೆ. ಅದನ್ನು ತೀರಿಸಬೇಕಾದವನು ಆಗ ತಾನೇ ಕೆಲಸಕ್ಕೆ ಸೇರಿದ ಹುಡುಗ.

"ಬಡ್ಡಿರಹಿತ ಕಂತು" ಎಂಬ ಮಾತಿನ ಬಗೆಗೂ ಜಾಗರೂಕತೆ ಬೇಕು. ಶೂನ್ಯಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳಿಗೆ ತಿಳಿಸಿತು. ಇಂದಿನ ಯೋಜನೆಗಳಲ್ಲಿ ಬಡ್ಡಿಯಷ್ಟು ಮೊತ್ತವನ್ನು ರಿಯಾಯಿತಿಯಾಗಿ ತೋರಿಸುತ್ತಾರೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಭಾಗದ ಮೇಲೆ ಶೇಕಡಾ 18ರ ಜಿಎಸ್‌ಟಿ ಬೀಳುತ್ತದೆ, ಸೇವಾಶುಲ್ಕವೂ ಇರಬಹುದು. ಒಂದೇ ಸಲ ಹಣ ಕೊಟ್ಟರೆ ಬೆಲೆ ಎಷ್ಟು ಎಂದು ಕೇಳಿ, ಎರಡನ್ನೂ ಹೋಲಿಸಿದ ಮೇಲೆ ನಿರ್ಧರಿಸಿ. ಚೀಲ, ಇಯರ್‌ಫೋನ್ ಮುಂತಾದ ಕೊಡುಗೆಗಳ ವಿಷಯದಲ್ಲಿ, ಬಿಟ್ಟಿ ಸಿಕ್ಕಿದರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಎಂಬ ಬುದ್ಧಿಯನ್ನು ಅಂಗಡಿಯ ಹೊರಗೇ ಬಿಟ್ಟು ಹೋಗುವುದು ಒಳಿತು.

ಬಿಲ್ಲು, ಖಾತರಿ, ಹಕ್ಕು

ಮಾದರಿಯ ಪೂರ್ಣ ಸಂಖ್ಯೆ ಮತ್ತು ಕ್ರಮಸಂಖ್ಯೆ ಬರೆದ ಜಿಎಸ್‌ಟಿ ಬಿಲ್ಲನ್ನೇ ಪಡೆಯಬೇಕು. "ಐ5 ಲ್ಯಾಪ್‌ಟಾಪ್, ಒಂದು" ಎಂದಷ್ಟೇ ಬರೆದ ಚೀಟಿಗೆ ಬೆಲೆಯಿಲ್ಲ. ಯಂತ್ರದ ಮೇಲೂ ಅಡಾಪ್ಟರಿನ ಮೇಲೂ ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತಿರಬೇಕು. ಸಾಮಾನ್ಯ ಖಾತರಿಯು ನೀರು ಬಿದ್ದದ್ದು, ಕೆಳಕ್ಕೆ ಬಿದ್ದದ್ದು ಇವನ್ನು ಒಳಗೊಳ್ಳದು. ಅವುಗಳಿಗೆ ಪ್ರತ್ಯೇಕ ರಕ್ಷಣಾ ಯೋಜನೆ ಬೇಕು. ತಕರಾರು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಮಾರಾಟಗಾರ ಎಲ್ಲಿಯೇ ಇರಲಿ, ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಮೊಕದ್ದಮೆ ಹೂಡಬಹುದು. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ.

2015ರ ಡಿಸೆಂಬರಿನ ಪ್ರವಾಹವನ್ನೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತವನ್ನೂ ಕಂಡ ಈ ನಗರದಲ್ಲಿ ಇನ್ನೊಂದು ಖರ್ಚನ್ನೂ ಬೆಲೆಯಲ್ಲಿಯೇ ಸೇರಿಸಬೇಕು: ಕಡತಗಳ ಪ್ರತಿ ಇಡಲು ಒಂದು ಹೊರಗಿನ ಡಿಸ್ಕ್. ಯಂತ್ರ ಹೋದರೆ ಮತ್ತೊಂದನ್ನು ಕೊಳ್ಳಬಹುದು. ಊರಿನ ಮನೆಯ ಪತ್ರಗಳು, ಗತಿಸಿದ ಹಿರಿಯರ ಚಿತ್ರಗಳು ಹೋದರೆ ಮತ್ತೆ ಬರುವುದಿಲ್ಲ.

ಆರೋಗ್ಯದ ದೃಷ್ಟಿ

ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಕೈಗೆ ಹಿತವಾದ ಎತ್ತರ ಕತ್ತಿಗೆ ಹಿತವಲ್ಲ. ಹೆಚ್ಚು ಹೊತ್ತು ಕೆಲಸ ಮಾಡುವವರು ಯಂತ್ರವನ್ನು ಕಣ್ಣಿನ ಮಟ್ಟಕ್ಕೆ ಏರಿಸಿ, ಬೇರೆ ಕೀಲಿಮಣೆಯನ್ನು ಬಳಸುವುದು ಉತ್ತಮ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದರಿಂದ ಕಣ್ಣಿನ ಆಯಾಸ ತಗ್ಗುತ್ತದೆ. ಹೆಸರಿನಲ್ಲಿ ಮಡಿಲು ಇದ್ದರೂ ಬಿಸಿಯಾದ ಯಂತ್ರವನ್ನು ದಿನವೂ ತೊಡೆಯ ಮೇಲಿಟ್ಟುಕೊಂಡರೆ ಚರ್ಮದ ಮೇಲೆ ಜಾಲದಂತಹ ಕಂದು ಕಲೆ ಮೂಡಬಹುದೆಂದು ವೈದ್ಯರು ಎಚ್ಚರಿಸಿದ್ದಾರೆ. ಹಾಸಿಗೆಯ ಮೇಲಿಟ್ಟರೆ ಗಾಳಿಯ ಕಿಂಡಿ ಮುಚ್ಚಿ ಯಂತ್ರಕ್ಕೂ ಕೇಡು.

ಒಟ್ಟಿನಲ್ಲಿ ಕ್ರಮ ಇಷ್ಟು: ಮೊದಲು ಅಗತ್ಯ, ಅನಂತರ ಕನಿಷ್ಠ ಗುಣಲಕ್ಷಣ, ಆಮೇಲೆ ಗಟ್ಟಿತನ, ಕಟ್ಟಕಡೆಗೆ ಬೆಲೆ. ಬೆಲೆಯನ್ನು ಕೊನೆಗಿಡುವುದೆಂದರೆ ಅದನ್ನು ಕಡೆಗಣಿಸುವುದಲ್ಲ. ಹೋಲಿಸಲು ಯೋಗ್ಯವಾದವುಗಳ ನಡುವೆ ಮಾತ್ರ ಹೋಲಿಸುವುದು. ನಮ್ಮ ಸಂಘದ ಬಹುಮಂದಿ ತರುಣ ತರುಣಿಯರು ಹಳೆ ಮಹಾಬಲಿಪುರಂ ರಸ್ತೆಯ ಗಣಕ ಸಂಸ್ಥೆಗಳಲ್ಲಿ ದುಡಿಯುತ್ತಿದ್ದಾರೆ. ಕಾಲೇಜುಗಳು ತೆರೆಯುವ ವೇಳೆಗೆ ಅವರಲ್ಲಿ ಒಬ್ಬಿಬ್ಬರು ಒಂದು ಭಾನುವಾರ ಸಂಘದಲ್ಲಿ ಕುಳಿತು, ವಿದ್ಯಾರ್ಥಿಗಳ ತಂದೆತಾಯಿಗಳು ತರುವ ದರಪಟ್ಟಿಗಳನ್ನು ನೋಡಿ ಸಲಹೆ ನೀಡುವಂತಾದರೆ ಅನೇಕ ಸಂಸಾರಗಳಿಗೆ ಉಪಕಾರವಾದೀತು. ಕಾರ್ಯಕಾರಿ ಸಮಿತಿಯು ಈ ಸೂಚನೆಯನ್ನು ಪರಿಶೀಲಿಸಲೆಂದು ಕೋರುತ್ತೇನೆ.