ಹಗ್ಗದ ಆಚೆ, ಹಗ್ಗದ ಈಚೆ

ನಾಟಕ ಅಂದರೆ ನನಗೆ ಮೊದಲು ನೆನಪಾಗುವುದು ಬಣ್ಣವಲ್ಲ, ಹಾಡಲ್ಲ, ಒಂದು ಹಗ್ಗ. ನಂಜನಗೂಡು ಕಡೆಯ ನಮ್ಮೂರಿನಲ್ಲಿ ಬೇಸಿಗೆ ಬಂತೆಂದರೆ ಪೌರಾಣಿಕ ನಾಟಕ. ಕಂಬಕ್ಕೆ ಗುಂಡಿ ತೋಡುವವರು, ಗರಿ ಹೊದಿಸುವವರು, ಶುರುವಿಗೆ ತಮಟೆ ಬಡಿಯುವವರು ಎಲ್ಲ ನಮ್ಮ ಕೇರಿಯವರೇ. ಚಪ್ಪರ ಮುಗಿದು ಗ್ಯಾಸ್‌ಲೈಟು ಹತ್ತಿದ ಮೇಲೆ ಒಂದು ಹಗ್ಗ ಬೀಳುತ್ತಿತ್ತು. ತಮಟೆ ಬಡಿದ ನಮ್ಮ ದೊಡ್ಡಪ್ಪನೂ ಬಡಿದು ಮುಗಿಸಿ ಹಗ್ಗದ ಆಚೆಗೆ ಬಂದು ನಿಲ್ಲುತ್ತಿದ್ದ. ದುರ್ಯೋಧನ ನಮಗೆ ಕಾಣುತ್ತಿದ್ದದ್ದು ಯಾರದೋ ರುಮಾಲಿನ ಸಂದಿಯಲ್ಲಿ.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ರಂಗವಿಮರ್ಶೆ ‘ಪ್ರೇಕ್ಷಕ’ ಅನ್ನುವಾಗ ಅವನಿಗೆ ಜಾತಿಯೂ ಇಲ್ಲ, ಕೂರುವ ಜಾಗವೂ ಇಲ್ಲ. ಕತ್ತಲಲ್ಲಿ ತೇಲುವ ಒಂದು ಜೊತೆ ಕಣ್ಣು ಅಷ್ಟೆ. ಕಂಪನಿ ನಾಟಕದವರು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕರು. ಕುರ್ಚಿ, ಬೆಂಚು, ನೆಲ ಅಂತ ಟಿಕೆಟ್ಟಿನ ಮೇಲೇ ಬರೆದುಬಿಡುತ್ತಿದ್ದರು.

ಪರದೆ-ಚೌಕಟ್ಟಿನ ರಂಗಮಂದಿರವನ್ನು ಬಿಟ್ಟು, ಜಾಗವನ್ನೇ ನಾಟಕದ ಭಾಗ ಮಾಡಿಕೊಳ್ಳುವ, ನೋಡುವವರನ್ನು ಒಳಕ್ಕೆ ಎಳೆದುಕೊಳ್ಳುವ ಪ್ರಯೋಗಗಳು ಜಗತ್ತಿನಾದ್ಯಂತ ನಡೆದಿವೆ. ಅರವತ್ತರ ದಶಕದ ಕೊನೆಗೆ ನ್ಯೂಯಾರ್ಕಿನಲ್ಲಿ ರಿಚರ್ಡ್ ಶೆಕ್ನರ್ ನಟರನ್ನೂ ಪ್ರೇಕ್ಷಕರನ್ನೂ ಒಂದೇ ಆವರಣದಲ್ಲಿ ಬೆರೆಸಿದರು. ಕಲ್ಕತ್ತೆಯ ಬಾದಲ್ ಸರ್ಕಾರ್ ವೇದಿಕೆಯನ್ನೇ ಬಿಟ್ಟು ಜನರ ನಡುವೆ ಇಳಿದರು. ಕಾರ್ನಾಡರ ‘ತುಘಲಕ್’ ಅನ್ನು ಅಲ್ಕಾಜಿ 1974ರಲ್ಲಿ ದೆಹಲಿಯ ಪುರಾನಾ ಕಿಲಾದಲ್ಲಿ ಆಡಿಸಿದರು. ಅದಕ್ಕೂ ಮುಂಚೆ, 1972ರಲ್ಲಿ, ಬಿ.ವಿ. ಕಾರಂತರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಮಾಡಿದ ನಾಟಕಗಳಲ್ಲಿ ಲಂಕೇಶರ ‘ಸಂಕ್ರಾಂತಿ’ಯೂ ಒಂದು. ಹಾರುವರ ಹುಡುಗಿ, ಹೊಲೆಯರ ಹುಡುಗನ ಆ ಕಥೆ ಬಯಲಿಗೆ ಬಂದದ್ದು ನನಗೆ ಬರಿಯ ರಂಗತಂತ್ರವಾಗಿ ಕಾಣುವುದಿಲ್ಲ. ಹಾಗಂತ ಇದೆಲ್ಲ ಹೊಸದು ಅಂದರೆ ಮಂಟೇಸ್ವಾಮಿಯ ನೀಲಗಾರರು ನಗುತ್ತಾರೆ. ರಾತ್ರಿಯಿಡೀ ಜಗಲಿ, ಅಂಗಳ, ಗದ್ದುಗೆಯ ಮುಂದೆ ಕಥೆ ಮಾಡುವವರಿಗೆ ವೇದಿಕೆ ಎಲ್ಲಿತ್ತು?

ಮೈಸೂರಿನಲ್ಲಿ ಈ ಪ್ರಶ್ನೆ ದೊಡ್ಡದಾಗಿ ಎದ್ದದ್ದು 2010ರಲ್ಲಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣದ ಆವರಣದಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ನಾಟಕವಾಯಿತು. ನಿರ್ದೇಶನ ಸಿ. ಬಸವಲಿಂಗಯ್ಯ, ಸಂಗೀತ ಹಂಸಲೇಖ. 1967ರ ಆ ದೊಡ್ಡ ಕಾದಂಬರಿಯನ್ನು ರಂಗಕ್ಕೆ ಇಳಿಸಿದವರು ಕೆ.ವೈ. ನಾರಾಯಣಸ್ವಾಮಿ. ಕೋಲಾರದ ಕಡೆಯವರು, ಕನ್ನಡ ಮೇಷ್ಟ್ರು. ‘ಕಳವು’, ‘ಅನಭಿಜ್ಞ ಶಾಕುಂತಲ’, ‘ಹುಲಿಸೀರೆ’ ಬರೆದವರು. ಒಂಬತ್ತು ಗಂಟೆಯ ನಾಟಕ, ನಾಲ್ಕು ರಂಗಸ್ಥಳ. ರಾತ್ರಿ ಕೂತವರು ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆಗೆ ನಡೆಯುತ್ತ ಬೆಳಗು ಮಾಡಬೇಕು. 2013ರಿಂದ ಬೆಂಗಳೂರಿನ ಕಲಾಗ್ರಾಮದಲ್ಲೂ ಇದು ನಡೆಯಿತು.

ಇಂಥ ನಾಟಕ ಬರೆಯುವವನ ಕಷ್ಟ ಬೇರೆ. ಮಂದಿರದ ನಾಟಕದಲ್ಲಿ ದೀಪ ಆರಿಸಿದರೆ ದೃಶ್ಯ ಬದಲು. ಇಲ್ಲಿ ನೂರಾರು ಜನ ಎದ್ದು, ಚಪ್ಪಲಿ ಹುಡುಕಿ, ಮಕ್ಕಳನ್ನು ಎತ್ತಿಕೊಂಡು ನಡೆದು ಮತ್ತೆ ಕೂರಬೇಕು. ಆ ನಡಿಗೆಯೂ ಪಠ್ಯದ ಒಂದು ಭಾಗ. ಕಥೆಯ ಎಳೆ ಅಲ್ಲಿ ಕಡಿಯಬಾರದು. ನಾರಾಯಣಸ್ವಾಮಿ ಕಥೆಯನ್ನು ಜೋಗಿಗಳ, ಹೆಳವರ, ಸುಡುಗಾಡು ಸಿದ್ಧರ ಬಾಯಿಗೆ ಕೊಟ್ಟರು. ಇದನ್ನು ಜಾನಪದದ ಅಲಂಕಾರ ಅಂದುಕೊಂಡವರು ಬಹಳ ಮಂದಿ. ನನಗೆ ಹಾಗನ್ನಿಸುವುದಿಲ್ಲ. ಗೌಡರ, ಹೆಗ್ಗಡೆಗಳ ಮನೆಗಳ ವೃತ್ತಾಂತವನ್ನು ಊರೂರು ತಿರುಗಿ ಬೇಡಿ ತಿನ್ನುವವರು ಹೇಳಿದಾಗ ಹೇಳುವ ಯಜಮಾನಿಕೆ ಕೈ ಬದಲಾಗುತ್ತದೆ. ಕಾದಂಬರಿ ಶುರುವಾಗುವುದೇ ಹೊಲೆಯರ ಗುತ್ತಿಯ ನಡಿಗೆಯಿಂದ, ಅವನ ನಾಯಿ ಹುಲಿಯನ ಜೊತೆ. ಹಾಗಾಗಿ ನಡೆಯುತ್ತ ನೋಡುವ ನಾಟಕ ಈ ಕೃತಿಗೆ ಹೊರಗಿನಿಂದ ಅಂಟಿಸಿದ್ದಲ್ಲ.

ಆ ವರ್ಷ ದೊಡ್ಡಪ್ಪನನ್ನು ಕರೆದುಕೊಂಡು ಹೋಗಿದ್ದೆ. ಎಪ್ಪತ್ತು ದಾಟಿತ್ತು. ಮೊದಲ ರಂಗಸ್ಥಳದಲ್ಲಿ ಹಿಂದೆ, ಎಲ್ಲರಿಗಿಂತ ಹಿಂದೆ, ಕುಕ್ಕರಗಾಲಲ್ಲಿ ಕೂತ. ‘ಮುಂದೆ ಬಾ ದೊಡ್ಡಪ್ಪ’ ಅಂದರೆ ‘ಇಲ್ಲೇ ಸರಿ ಕಣ್ಲಾ’ ಅಂದ. ಎರಡನೆಯದಕ್ಕೆ ಎದ್ದಾಗ ಜನ ಕಲಸಿಹೋದರು. ಯಾರ ಜಾಗ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ‘ಎಲ್ಲಿ ಬೇಕಾದ್ರೂ ಕೂರ್ಬೋದೇನ್ಲಾ?’ ಅಂದ. ಮೂರನೆಯದಕ್ಕೆ ನನಗಿಂತ ಮುಂಚೆ ನಡೆದುಹೋಗಿ ಮೊದಲ ಸಾಲಲ್ಲಿ ಟವೆಲ್ಲು ಹಾಸಿದ್ದ. ನಾಲ್ಕು ಸಲ ಎಬ್ಬಿಸುವ ನಾಟಕ ಏನು ಮಾಡುತ್ತದೆಂದು ನನಗೆ ತಿಳಿದದ್ದು ಆಗ. ಹಗ್ಗ ಕಟ್ಟುವುದಕ್ಕೆ ನಿಂತ ಜನ ಬೇಕು.

ಆದರೂ ನನ್ನ ತಕರಾರು ಉಳಿದೇ ಇದೆ. ಗುತ್ತಿ-ತಿಮ್ಮಿಯರ ಬದುಕು ಕೈಗೆಟಕುವಷ್ಟು ಹತ್ತಿರ ನಡೆಯುತ್ತಿದ್ದಾಗ ಪಕ್ಕದಲ್ಲಿದ್ದ ಒಬ್ಬರು ‘ಎಷ್ಟು ನ್ಯಾಚುರಲ್ ಆಗಿದೆ ನೋಡ್ರಿ’ ಅಂದರು. ಮುಟ್ಟುವಷ್ಟು ಹತ್ತಿರ ಬರುವುದೂ ಮುಟ್ಟುವುದೂ ಒಂದೇ ಅಲ್ಲ. ಗುತ್ತಿ ನಡೆದದ್ದು ಒಡೆಯನ ಹಂಗಿನಲ್ಲಿ, ನಾವು ನಡೆದದ್ದು ಟಿಕೆಟ್ಟು ಕೊಂಡು. ತುಂಗೆಯ ಪ್ರವಾಹದಲ್ಲಿ ಹುಲಿಯ ಕೊಚ್ಚಿಹೋದಾಗ ಅತ್ತವರಲ್ಲಿ ಎಷ್ಟು ಜನರಿಗೆ ತಮ್ಮೂರಿನ ಕೇರಿಯ ದಾರಿ ಗೊತ್ತು? ‘ಸೈಟ್ ಸ್ಪೆಸಿಫಿಕ್’ ಅಂತ ಈಗ ಕರೆಯುತ್ತಾರಲ್ಲ, ಅದರಲ್ಲಿ ಎರಡು ಬಗೆ ಇದೆ. ಒಂದು, ಜಾಗವನ್ನು ಕಟ್ಟುವುದು: ಮೈಸೂರಿನೊಳಗೊಂದು ಮಲೆನಾಡು. ಇನ್ನೊಂದು, ನಾಟಕವೇ ಎದ್ದು ಜಾಗಕ್ಕೆ ಹೋಗುವುದು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಸುಟ್ಟದ್ದನ್ನು ‘ಸಮುದಾಯ’ದವರು ಬೀದಿನಾಟಕ ಮಾಡಿ ಊರೂರಿಗೆ ಒಯ್ದರು. ಊರಿನ ಬೀದಿಯಲ್ಲಿ ‘ಬೆಲ್ಚಿ’ ಆಡಿದಾಗ ಆ ಬೀದಿಯೂ ಪಾತ್ರ. ಯಾರು ಬಾಗಿಲು ಹಾಕಿಕೊಂಡರು, ಯಾರು ಹತ್ತಿರ ಬಂದರು ಎಂಬುದೂ ನಾಟಕವೇ. ಇದೇ ಮೈಸೂರಿನಲ್ಲಿ 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಮಾತಾಡಿದ ಮೇಲೆ ಬೀದಿಗಳಲ್ಲಿ ನಮ್ಮ ಹುಡುಗರು ತಿಂದ ಏಟುಗಳಿಗೆ ಇನ್ನೂ ಯಾರೂ ಆ ಬೀದಿಗಳಲ್ಲೇ ನಾಟಕ ಆಡಿಲ್ಲ ಅಂತ ನನ್ನ ಕೊರಗು. ಅಶೋಕಪುರಂನ ಹುಡುಗರಿಗೆ ಇದನ್ನು ಆಗಾಗ ಹೇಳುತ್ತಿರುತ್ತೇನೆ.

ಬೆಳಕು ಹರಿಯಿತು. ಜನ ಕಣ್ಣುಜ್ಜಿಕೊಂಡು ಹುಣಸೂರು ರಸ್ತೆಯ ಕಡೆ ಹೊರಟರು. ದೊಡ್ಡಪ್ಪ ಕಾಣಲಿಲ್ಲ. ಹುಡುಕಿದರೆ ಖಾಲಿ ರಂಗಸ್ಥಳದ ಹತ್ತಿರ ಒಂದು ಕಂಬ ಹಿಡಿದು ಅಲ್ಲಾಡಿಸುತ್ತಿದ್ದ.

‘ಇದ್ನ ನೆಟ್ಟೋರು ಯಾರ್ಲಾ?’

ನನಗೆ ಗೊತ್ತಿರಲಿಲ್ಲ.

‘ಗುಂಡಿ ಆಳ್ವಾಗೇ ತೋಡವ್ರೆ,’ ಅಂದು ಬುಡವನ್ನು ಕಾಲಲ್ಲಿ ಒತ್ತಿ ನೋಡಿ, ನಂಜನಗೂಡು ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದ.