ಹುಲ್ಲು ಕತ್ತರಿಸುವ ಯಂತ್ರದ ಆಯ್ಕೆ: ಅಳತೆ ಮೊದಲು, ಖರೀದಿ ನಂತರ

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಕಾರ್ಖಾನೆ, ಅಕ್ಕಿ ಗಿರಣಿ, ಗೋದಾಮು ಅಥವಾ ಕಲ್ಯಾಣ ಮಂಟಪವನ್ನು ಹೊಂದಿರುವ ಉದ್ಯಮಿಗಳಿಗೆ ಪ್ರತಿ ಮಳೆಗಾಲದಲ್ಲಿಯೂ ಎದುರಾಗುವ ಸಮಸ್ಯೆ ಒಂದಿದೆ. ಕಟ್ಟಡದ ಮುಂಭಾಗದಲ್ಲಿ ಅಂದವಾದ ಹುಲ್ಲುಹಾಸು ಇರುತ್ತದೆ. ಹಿಂಭಾಗದಲ್ಲಿ ಮುಂದಿನ ವಿಸ್ತರಣೆಗೆಂದು ಬಿಟ್ಟಿರುವ ನಿವೇಶನದಲ್ಲಿ ಎದೆಯೆತ್ತರದ ಕಾಡುಹುಲ್ಲು ಮತ್ತು ಕಾಂಗ್ರೆಸ್ ಕಳೆ ಬೆಳೆದು ನಿಲ್ಲುತ್ತವೆ. ಮಳೆಗಾಲದಲ್ಲಿ ಇದು ಹಾವುಗಳಿಗೆ ಆಶ್ರಯವಾದರೆ, ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ಒಣಗಿ ಬೆಂಕಿಗೆ ಆಹಾರವಾಗುತ್ತದೆ. ಕುಡುಗೋಲು ಹಿಡಿದು ಕೆಲಸ ಮಾಡುವ ಕೂಲಿಯಾಳುಗಳು ನಾಟಿ ಮತ್ತು ಕಬ್ಬು ಕಡಿಯುವ ಕಾಲದಲ್ಲಿ ದೊರೆಯುವುದು ಕಷ್ಟ. ಆದ್ದರಿಂದ ಕುಳಿತು ನಡೆಸುವ ಲಾನ್ ಮೋವರ್ ಖರೀದಿಸುವ ಯೋಚನೆ ಅನೇಕರಲ್ಲಿ ಮೂಡುವುದು ಸಹಜ.

ಹುಲ್ಲು ಕತ್ತರಿಸುವ ಯಂತ್ರದ ಮೂಲವಿರುವುದು ಒಂದು ಕಾರ್ಖಾನೆಯಲ್ಲಿಯೇ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತ, ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲಿನ ನವಿರನ್ನು ಸಮವಾಗಿ ಕತ್ತರಿಸುತ್ತಿದ್ದ ಯಂತ್ರದ ತತ್ತ್ವವನ್ನೇ ಹುಲ್ಲಿಗೆ ಅನ್ವಯಿಸಿ ಪೇಟೆಂಟ್ ಪಡೆದನು. ಆ ಯಂತ್ರ ನಯವಾದ ಹುಲ್ಲಿಗಾಗಿ ಹುಟ್ಟಿದುದೇ ಹೊರತು ಪೊದೆಗಾಗಿ ಅಲ್ಲ. ಇಂದಿಗೂ ಖರೀದಿದಾರರು ಮಾಡುವ ಬಹುಪಾಲು ತಪ್ಪುಗಳು ಈ ವ್ಯತ್ಯಾಸವನ್ನು ಮರೆಯುವುದರಿಂದಲೇ ಆಗುತ್ತವೆ.

ಎರಡು ಬಗೆಯ ಹುಲ್ಲು, ಎರಡು ಬಗೆಯ ಯಂತ್ರ

ಗರಿಕೆ ಅಥವಾ ಕೊರಿಯನ್ ಹುಲ್ಲಿನ ಹಾಸನ್ನು ಪದೇ ಪದೇ, ಪ್ರತಿ ಸಲವೂ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಾಗದಂತೆ ಕತ್ತರಿಸಬೇಕು. ಇದಕ್ಕೆ ಸಾಮಾನ್ಯ ಲಾನ್ ಟ್ರ್ಯಾಕ್ಟರ್ ಸಾಕು. ಇದರಲ್ಲಿ ಎಂಜಿನ್ ಮುಂದಿದ್ದು, ಅಲಗುಗಳನ್ನು ಮುಚ್ಚಿರುವ ತಗಡಿನ ಡೆಕ್ ಚಾಲಕನ ಕೆಳಗೆ ಇರುತ್ತದೆ. ಮರಗಳು ಮತ್ತು ಹೂವಿನ ಪಾತಿಗಳು ಹೆಚ್ಚಾಗಿದ್ದರೆ, ಎರಡು ಹಿಂಚಕ್ರಗಳನ್ನೂ ಪ್ರತ್ಯೇಕವಾಗಿ ನಿಯಂತ್ರಿಸಿ ನಿಂತಲ್ಲೇ ತಿರುಗಬಲ್ಲ ಝೀರೋ-ಟರ್ನ್ ಮಾದರಿ ಅನುಕೂಲ. ಆದರೆ ಇಳಿಜಾರು ಮತ್ತು ಒದ್ದೆ ನೆಲದಲ್ಲಿ ಅದು ಜಾರುವ ಸಂಭವ ಅಧಿಕ.

ಗಿನಿ ಹುಲ್ಲು, ಕಾಂಗ್ರೆಸ್ ಕಳೆ, ಲಂಟಾನದ ಎಳೆಯ ಪೊದೆಗಳಿರುವ ಜಾಗದ ಮಾತು ಬೇರೆ. ಅಲ್ಲಿ ಲಾನ್ ಟ್ರ್ಯಾಕ್ಟರ್ ಇಳಿಸಿದರೆ ಡೆಕ್‌ನಲ್ಲಿ ಹುಲ್ಲು ಸಿಕ್ಕಿಕೊಳ್ಳುತ್ತದೆ, ಬೆಲ್ಟ್ ಸುಡುತ್ತದೆ, ಅಡಗಿರುವ ಕಲ್ಲಿಗೆ ಬಡಿದು ಅಲಗಿನ ದಂಡ ಬಾಗುತ್ತದೆ. ಅಂತಹ ಜಾಗಕ್ಕೆ ದಪ್ಪ ಉಕ್ಕಿನ ಡೆಕ್ ಇರುವ, ಒರಟು ಹುಲ್ಲಿಗೆಂದೇ ತಯಾರಿಸಿದ ಮೋವರ್ ಬೇಕು. ಅಥವಾ ಸಾಮಾನ್ಯ ಟ್ರ್ಯಾಕ್ಟರಿನ ಪಿಟಿಓಗೆ ಜೋಡಿಸುವ ರೋಟರಿ ಸ್ಲ್ಯಾಷರ್ ಬೇಕು. ಟ್ರ್ಯಾಕ್ಟರುಗಳು ಬಾಡಿಗೆಗೆ ದೊರೆಯುವ ಈ ತಾಲ್ಲೂಕುಗಳಲ್ಲಿ ಎರಡನೆಯ ಮಾರ್ಗ ಬಹಳಷ್ಟು ಸಂದರ್ಭಗಳಲ್ಲಿ ಮಿತವ್ಯಯದ್ದು. ಬೇಲಿಯಂಚು, ಚರಂಡಿ ಮತ್ತು ಗೋಡೆಯ ಬುಡಕ್ಕೆ ಯಾವ ಯಂತ್ರ ಕೊಂಡರೂ ಬ್ರಷ್ ಕಟರ್ ಬೇಕೇ ಬೇಕು.

ಕಾಂಗ್ರೆಸ್ ಕಳೆಯನ್ನು ಹೂ ಬಿಡುವ ಮುನ್ನವೇ ಕತ್ತರಿಸಬೇಕು. ಹೂ ಬಿಟ್ಟ ಮೇಲೆ ಕತ್ತರಿಸಿದರೆ ಬೀಜ ಹರಡುವುದಲ್ಲದೆ, ಕೆಲಸಗಾರರ ಚರ್ಮ ಮತ್ತು ಉಸಿರಾಟಕ್ಕೂ ತೊಂದರೆಯಾಗುತ್ತದೆ. ಬುಡದಿಂದ ಮತ್ತೆ ಚಿಗುರುವ ಗುಣ ಈ ಕಳೆಗಿರುವುದರಿಂದ ಒಂದೇ ಸಲದ ಕಟಾವಿನಿಂದ ಅದು ನಿರ್ಮೂಲವಾಗುವುದಿಲ್ಲ.

ಮಣ್ಣು, ಮಳೆ ಮತ್ತು ಇಳಿಜಾರು

ನಂಜನಗೂಡು ತಾಲ್ಲೂಕಿನ ಹಲವೆಡೆ ಎರೆಭೂಮಿ ಇದೆ. ಮಳೆ ಬಿದ್ದ ಮರುದಿನ ಇನ್ನೂರು ಕಿಲೋಗ್ರಾಂಗೂ ಮಿಗಿಲಾದ ಯಂತ್ರವನ್ನು ಅದರ ಮೇಲೆ ನಡೆಸಿದರೆ ಚಕ್ರ ಹೂತು ಹುಲ್ಲುಹಾಸೇ ಹಾಳಾಗುತ್ತದೆ. ಅಗಲವಾದ ಚಕ್ರಗಳ ಯಂತ್ರವನ್ನು ಆರಿಸುವುದರ ಜೊತೆಗೆ ನೆಲ ಆರುವವರೆಗೆ ಕಾಯುವುದು ಅನಿವಾರ್ಯ. ತಿ. ನರಸೀಪುರದ ನಾಲೆ ಬಯಲಿನಲ್ಲಿ ಗಮನಿಸಬೇಕಾದುದು ಏರಿ ಮತ್ತು ಕಾಲುವೆಗಳ ಅಂಚು. ಸಾಮಾನ್ಯವಾಗಿ 15 ಡಿಗ್ರಿಗಿಂತ, ಅಂದರೆ ಒಂದು ಮೀಟರ್ ದೂರಕ್ಕೆ ಸುಮಾರು 27 ಸೆಂಟಿಮೀಟರ್ ಏರುವ ಇಳಿಜಾರಿಗಿಂತ ಕಡಿದಾದ ಕಡೆ ಕುಳಿತು ನಡೆಸುವ ಯಂತ್ರವನ್ನು ಬಳಸಬಾರದು. ಬಳಸುವ ಇಳಿಜಾರಿನಲ್ಲಿಯೂ ಮೇಲಿಂದ ಕೆಳಕ್ಕೆ ನಡೆಸಬೇಕೇ ಹೊರತು ಅಡ್ಡವಾಗಿ ಅಲ್ಲ.

ಈ ಭಾಗದಲ್ಲಿ ಮೇ ತಿಂಗಳ ಮುಂಗಾರು ಪೂರ್ವ ಮಳೆಯ ನಂತರ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರ್ ಮಳೆಯ ನಂತರ ಮತ್ತೊಮ್ಮೆ ಹುಲ್ಲು ಭರದಿಂದ ಬೆಳೆಯುತ್ತದೆ. ನೀರುಣಿಸದ ಜಾಗದಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೆಳವಣಿಗೆ ಅತ್ಯಲ್ಪ. ಅಂದರೆ ದುಬಾರಿ ಯಂತ್ರ ವರ್ಷದ ಮೂರನೆಯ ಒಂದು ಭಾಗ ಷೆಡ್ಡಿನಲ್ಲಿಯೇ ಇರುತ್ತದೆ. ಪೆಟ್ರೋಲ್ ಎಂಜಿನ್ ಆದರೆ ಆ ಅವಧಿಗೆ ಟ್ಯಾಂಕ್ ಖಾಲಿ ಮಾಡಿಡಬೇಕು. ಎಥನಾಲ್ ಬೆರೆತ ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ತೇವಾಂಶ ಹೀರಿ ಕಾರ್ಬುರೇಟರನ್ನು ಕೆಡಿಸುತ್ತದೆ. ಶೇ. 20ರಷ್ಟು ಎಥನಾಲ್ ಮಿಶ್ರಣಕ್ಕೆ ಯಂತ್ರದ ಕೈಪಿಡಿಯಲ್ಲಿ ಒಪ್ಪಿಗೆ ಇದೆಯೇ ಎಂಬುದನ್ನು ಖರೀದಿಗೆ ಮೊದಲೇ ಓದಿ ನೋಡಬೇಕು.

ಎಷ್ಟು ಅಗಲದ ಡೆಕ್?

42 ಇಂಚು ಅಗಲದ ಡೆಕ್ ಎಂದರೆ ಸುಮಾರು 1.07 ಮೀಟರ್. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಲೆಕ್ಕಕ್ಕೆ 5,350 ಚದರ ಮೀಟರ್ ಆಗುತ್ತದೆ. ತಿರುವು, ಸಾಲುಗಳ ಮೇಲೊದಿಕೆ ಮತ್ತು ವಿರಾಮಗಳನ್ನು ಕಳೆದರೆ ಸುಮಾರು 4,000 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಎಕರೆ ಉಳಿಯುತ್ತದೆ. ನಡೆದುಕೊಂಡು ತಳ್ಳುವ 21 ಇಂಚಿನ ಯಂತ್ರಕ್ಕೆ ಅದೇ ಎಕರೆಗೆ ಮೂರರಿಂದ ನಾಲ್ಕು ಗಂಟೆ ಬೇಕು. ಹುಲ್ಲುಹಾಸು 20 ಗುಂಟೆಗಿಂತ ಕಡಿಮೆ ಇದ್ದರೆ ಕುಳಿತು ನಡೆಸುವ ಯಂತ್ರದ ಅಗತ್ಯವೇ ಇಲ್ಲ ಎಂಬುದು ಇದರಿಂದ ಸ್ಪಷ್ಟ. ಗೇಟಿನ ಅಗಲ ಮತ್ತು ಮರಗಳ ನಡುವಿನ ಅಂತರವನ್ನು ಅಳೆಯದೆ ಅಗಲವಾದ ಡೆಕ್‌ಗೆ ಮುಂಗಡ ನೀಡಬಾರದು.

ಕೊಳ್ಳಬೇಕೇ, ಬಾಡಿಗೆಗೆ ಪಡೆಯಬೇಕೇ?

ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ಇಲ್ಲಿಯ ಅಂಕಿಗಳು ಕೇವಲ ಊಹೆಯವು. ಉದ್ಯಮಿಗಳು ತಮಗೆ ಬಂದ ದರಪಟ್ಟಿಯ ಅಂಕಿಗಳನ್ನು ಇವುಗಳ ಸ್ಥಾನದಲ್ಲಿಟ್ಟುಕೊಳ್ಳಬೇಕು.

ಯಂತ್ರದ ಬೆಲೆ ರೂ. 4,00,000, ಬಾಳಿಕೆ 8 ವರ್ಷ, ಕೊನೆಗೆ ಬರುವ ಮೌಲ್ಯ ರೂ. 40,000 ಎಂದಿಟ್ಟುಕೊಂಡರೆ ವಾರ್ಷಿಕ ಸವಕಳಿ ರೂ. 45,000. ಸರಾಸರಿ ಹೂಡಿಕೆ ರೂ. 2,20,000ದ ಮೇಲೆ ಶೇ. 10ರ ಬಡ್ಡಿ ರೂ. 22,000. ಸರ್ವೀಸ್ ಮತ್ತು ವಿಮೆಗೆ ರೂ. 20,000. ಒಟ್ಟು ಸ್ಥಿರ ವೆಚ್ಚ ವರ್ಷಕ್ಕೆ ರೂ. 87,000. ಇಂಧನ, ಚಾಲಕನ ಕೂಲಿ ಮತ್ತು ಅಲಗುಗಳಿಗೆ ಎಕರೆಗೆ ರೂ. 400 ತಗಲುತ್ತದೆ. ಗುತ್ತಿಗೆದಾರನು ಬ್ರಷ್ ಕಟರ್‌ನಿಂದ ಅದೇ ಕೆಲಸಕ್ಕೆ ಎಕರೆಗೆ ರೂ. 3,000 ಕೇಳುತ್ತಾನೆ. ಪ್ರತಿ ಎಕರೆ ಕಟಾವಿಗೆ ಉಳಿತಾಯ ರೂ. 2,600. ರೂ. 87,000ವನ್ನು 2,600ರಿಂದ ಭಾಗಿಸಿದರೆ ಸುಮಾರು 34. ಅಂದರೆ ವರ್ಷಕ್ಕೆ 34 ಎಕರೆ ಕಟಾವು ಇಲ್ಲದಿದ್ದರೆ ಸ್ವಂತ ಯಂತ್ರ ನಷ್ಟಕರ.

ಎರಡು ಎಕರೆ ಹುಲ್ಲುಹಾಸನ್ನು ವರ್ಷಕ್ಕೆ 24 ಸಲ ಕತ್ತರಿಸುವ ಘಟಕಕ್ಕೆ 48 ಎಕರೆ ಕಟಾವು ಆಗುತ್ತದೆ, ಖರೀದಿ ಸಮರ್ಥನೀಯ. ಐದು ಎಕರೆ ಖಾಲಿ ನಿವೇಶನವನ್ನು ವರ್ಷಕ್ಕೆ ಮೂರು ಸಲ ಕತ್ತರಿಸುವವರಿಗೆ ಆಗುವುದು ಕೇವಲ 15. ಅವರಿಗೆ ಬಾಡಿಗೆ ಸ್ಲ್ಯಾಷರ್ ಲೇಸು. ಹುಲ್ಲುಹಾಸಿನ ಎಕರೆಗಳನ್ನೂ ಕಾಡುಹುಲ್ಲಿನ ಎಕರೆಗಳನ್ನೂ ಕೂಡಿಸಿ 34ನ್ನು ಮುಟ್ಟಿಸುವುದು ಆತ್ಮವಂಚನೆ. ಏಕೆಂದರೆ ಒಂದೇ ಯಂತ್ರ ಎರಡನ್ನೂ ಚೆನ್ನಾಗಿ ಮಾಡದು. ಒಂದೇ ಕೈಗಾರಿಕಾ ಪ್ರದೇಶದ ಮೂರು ನಾಲ್ಕು ಅಕ್ಕಪಕ್ಕದ ಘಟಕಗಳು ಸೇರಿ ಒಂದು ಯಂತ್ರವನ್ನು ಬಳಸಿಕೊಂಡರೆ ಲೆಕ್ಕ ಬದಲಾಗುತ್ತದೆ. ಆದರೆ ಯಂತ್ರದ ಒಡೆತನ ಒಬ್ಬರ ಹೆಸರಿನಲ್ಲಿದ್ದು, ಉಳಿದವರಿಗೆ ಕ್ರಮಬದ್ಧವಾಗಿ ಬಿಲ್ಲು ನೀಡಬೇಕು. ದುರಸ್ತಿಯ ಹೊಣೆಯನ್ನು ಮೊದಲೇ ಬರವಣಿಗೆಯಲ್ಲಿ ನಿರ್ಧರಿಸಿಕೊಳ್ಳಬೇಕು.

ತೆರಿಗೆಯ ಅಂಶಗಳು

ಹುಲ್ಲು ಕತ್ತರಿಸುವ ಯಂತ್ರಗಳು 8433ನೆಯ ಶೀರ್ಷಿಕೆಯಡಿ ಬರುತ್ತವೆ. 2017ರಲ್ಲಿ ಜಿಎಸ್‌ಟಿ ಆರಂಭವಾದಾಗ ಶೇ. 12ರಷ್ಟಿದ್ದ ದರವು 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿದಿದೆ. ಹಳೆಯ ದರಪಟ್ಟಿಯನ್ನು ಹಿಡಿದು ಬರುವ ಮಾರಾಟಗಾರರ ಬಗ್ಗೆ ಎಚ್ಚರವಿರಲಿ. ತೆರಿಗೆಗೊಳಪಡುವ ಸರಕನ್ನು ತಯಾರಿಸುವ ಘಟಕವು ತನ್ನ ಆವರಣಕ್ಕಾಗಿ ಕೊಂಡ ಯಂತ್ರದ ಮೇಲಿನ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಪಡೆಯಬಹುದು. ಹಾಗೆ ಪಡೆದ ಮೊತ್ತವನ್ನು ಯಂತ್ರದ ಬೆಲೆಗೆ ಸೇರಿಸಿ ಸವಕಳಿ ಕೇಳುವಂತಿಲ್ಲ. ಅಕ್ಕಿ ಗಿರಣಿಗಳವರು ಒಂದು ವಿಷಯವನ್ನು ನೆನಪಿಡಬೇಕು: ಬಿಡಿಯಾಗಿ ಮಾರುವ ಅಕ್ಕಿ ತೆರಿಗೆಮುಕ್ತವಾದುದರಿಂದ, ಆ ವಹಿವಾಟಿನ ಪ್ರಮಾಣಕ್ಕೆ ತಕ್ಕಂತೆ ಈ ಸೌಲಭ್ಯ ಕಡಿತವಾಗುತ್ತದೆ. ಮಾಲೀಕರ ಮನೆಯ ತೋಟಕ್ಕೆ ಬಳಸುವ ಯಂತ್ರಕ್ಕೆ ಈ ಸೌಲಭ್ಯವಿಲ್ಲ.

ಆದಾಯ ತೆರಿಗೆಯಲ್ಲಿ ಇದು ಸಾಮಾನ್ಯ ಯಂತ್ರೋಪಕರಣವಾದುದರಿಂದ ಶೇ. 15ರ ಸವಕಳಿ ದೊರೆಯುತ್ತದೆ. ಆ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದರೆ ಅರ್ಧ ಮಾತ್ರ. ಏಪ್ರಿಲ್-ಮೇ ತಿಂಗಳಲ್ಲಿ ಕೊಂಡರೆ ಮೊದಲ ಮಳೆಯ ಹುಲ್ಲಿಗೂ ಯಂತ್ರ ಸಿದ್ಧ, ಪೂರ್ಣ ಸವಕಳಿಯೂ ಲಭ್ಯ. ಬೆಲೆಯಲ್ಲಿ ಒಬ್ಬರಿಗೆ ಒಂದೇ ದಿನ ರೂ. 10,000ಕ್ಕಿಂತ ಹೆಚ್ಚು ನಗದಾಗಿ ಪಾವತಿಸಿದರೆ ಆ ಮೊತ್ತವನ್ನು ಯಂತ್ರದ ಬೆಲೆಯಲ್ಲಿ ಪರಿಗಣಿಸಲಾಗುವುದಿಲ್ಲ. ಕೆಲಸವನ್ನು ಗುತ್ತಿಗೆಗೆ ಕೊಟ್ಟ ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯು, ಒಂದು ಬಿಲ್ಲು ರೂ. 30,000 ಅಥವಾ ವರ್ಷದ ಮೊತ್ತ ರೂ. 1,00,000 ಮೀರಿದರೆ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕು. ಗುತ್ತಿಗೆದಾರ ವ್ಯಕ್ತಿಯಾದರೆ ಶೇ. 1, ಸಂಸ್ಥೆಯಾದರೆ ಶೇ. 2.

ಸುರಕ್ಷತೆಯಲ್ಲಿ ಉಳಿತಾಯ ಬೇಡ

ತಿರುಗುವ ಅಲಗಿಗೆ ಸಿಕ್ಕ ಕಲ್ಲು ಅಥವಾ ತಂತಿಯ ತುಂಡು ಗುಂಡಿನಂತೆ ಹಾರುತ್ತದೆ. ಚಾಲಕ ಆಸನದಿಂದ ಎದ್ದೊಡನೆ ಅಲಗು ನಿಲ್ಲುವ ಸ್ವಿಚ್ ಇಲ್ಲದ, ಅಥವಾ ಅದನ್ನು ತಂತಿ ಕಟ್ಟಿ ನಿಷ್ಕ್ರಿಯಗೊಳಿಸಿದ ಹಳೆಯ ಯಂತ್ರ ಎಷ್ಟೇ ಅಗ್ಗವಾದರೂ ಬೇಡ. ಕತ್ತರಿಸುವ ಮುನ್ನ ಜಾಗವನ್ನು ಒಮ್ಮೆ ನಡೆದು ನೋಡಿ ಕಲ್ಲು, ಪ್ಯಾಕಿಂಗ್ ಪಟ್ಟಿ, ಕಬ್ಬಿಣದ ಚೂರುಗಳನ್ನು ಹೆಕ್ಕಿಸಬೇಕು. ಗುತ್ತಿಗೆಯ ಆಳುಗಳಿಗೆ ಇಎಸ್‌ಐ ಅಥವಾ ವಿಮೆ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಅವಘಡವಾದಾಗ ಹೊಣೆ ಆವರಣದ ಮಾಲೀಕರ ಬಾಗಿಲಿಗೇ ಬರುತ್ತದೆ.

ಕೊನೆಯದಾಗಿ, ಬೆಲ್ಟ್ ಮತ್ತು ಅಲಗು ಮೈಸೂರಿನಲ್ಲಿಯೇ ದೊರೆಯುತ್ತವೆಯೇ, ಮೆಕ್ಯಾನಿಕ್ ಸ್ಥಳಕ್ಕೆ ಬರುತ್ತಾನೆಯೇ ಎಂದು ವಿಚಾರಿಸಿ, ಮಾರಾಟಗಾರರಿಂದ ತಮ್ಮದೇ ಹುಲ್ಲಿನಲ್ಲಿ ಅರ್ಧ ಗಂಟೆ ಪ್ರಾತ್ಯಕ್ಷಿಕೆ ಕೇಳುವುದು ಉಚಿತ. ಗುಂಟೆಗಳ ಅಳತೆ, ವರ್ಷದ ಕಟಾವಿನ ಸಂಖ್ಯೆ ಮತ್ತು ಹುಲ್ಲಿನ ಬಗೆ ಈ ಮೂರನ್ನು ಒಂದು ಹಾಳೆಯ ಮೇಲೆ ಬರೆದುಕೊಂಡ ಬಳಿಕವೇ ಮಳಿಗೆಗೆ ಹೋಗುವ ಉದ್ಯಮಿಯು ಬೇಕಾದ ಯಂತ್ರವನ್ನು ಮಾತ್ರ ಕೊಳ್ಳುತ್ತಾನೆ; ಬೇಡವಾದುದಕ್ಕೆ ಹಣ ತೆರುವುದು ತಪ್ಪುತ್ತದೆ.