ಮಗು ಸಣಕಲೋ, ಸೊರಗಿದೆಯೋ? ಟೇಪು ಹೇಳುತ್ತದೆ

ನಮ್ಮ ಉಪನಗರದ ಕನ್ನಡ ಸಂಘವು ಒಂದು ರವಿವಾರ ಆರೋಗ್ಯ ತಪಾಸಣಾ ಶಿಬಿರವನ್ನು ಹಮ್ಮಿಕೊಂಡಿತ್ತು. ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನೆಂದು ರಿಜಿಸ್ಟರ್ ಬರೆಯುವ ಹೊಣೆ ನನ್ನ ಪಾಲಿಗೆ ಬಂತು.

ಸದಸ್ಯೆಯೊಬ್ಬರು ಒಂದೂವರೆ ವರ್ಷದ ಮೊಮ್ಮಗನನ್ನು ಎತ್ತಿಕೊಂಡು ಬಂದರು. ನರ್ಸ್ ಮಗುವಿನ ಎಡತೋಳಿಗೆ ಬಣ್ಣದ ಟೇಪು ಸುತ್ತಿದರು. 12.1 ಸೆಂ.ಮೀ., ಹಳದಿ.

"ನಮ್ಮ ಮನೆಯಲ್ಲಿ ಎಲ್ಲರೂ ಸಣಕಲೇ ಸಿಸ್ಟರ್. ಇವನ ಅಪ್ಪನೂ ಹೀಗೇ ಇದ್ದ" ಎಂದರು ಅಜ್ಜಿ.

"ಮೈಕಟ್ಟು ಬೇರೆ, ಸೊರಗುವುದು ಬೇರೆ ಅಮ್ಮಾ" ಎಂದರು ನರ್ಸ್.

ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಿಗೆ ಈ ಟೇಪು. ಭುಜ ಮತ್ತು ಮೊಣಕೈಯ ನಡುಮಧ್ಯದಲ್ಲಿ, ತೋಳನ್ನು ಸಡಿಲವಾಗಿ ಇಳಿಬಿಟ್ಟು ಅಳೆಯಬೇಕು. 12.5 ಸೆಂ.ಮೀ. ಮತ್ತು ಮೇಲ್ಪಟ್ಟು ಹಸಿರು, 11.5ರಿಂದ 12.5ರೊಳಗೆ ಹಳದಿ, 11.5ಕ್ಕಿಂತ ಕಡಿಮೆಯಾದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಎರಡೂ ಪಾದಗಳು ಬಾತು, ಹೆಬ್ಬೆರಳಿನಿಂದ ಒತ್ತಿದಾಗ ಗುಳಿ ಉಳಿದರೆ ಟೇಪು ಏನೇ ಹೇಳಲಿ, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಬಾವಿನ ನೀರು ತೂಕವನ್ನು ಹೆಚ್ಚಿಸಿ ತಕ್ಕಡಿಯನ್ನೇ ಮೋಸಗೊಳಿಸುತ್ತದೆ.

ಬೆಳವಣಿಗೆ ಪಟ್ಟಿಯೆಂದರೆ ಮಗುವಿನ ಪಾಸ್‌ಬುಕ್. ಒಂದು ಎಂಟ್ರಿಯಿಂದ ಖಾತೆಯ ಗತಿ ತಿಳಿಯದು. ತಿಂಗಳು ತಿಂಗಳು ತುಂಬಬೇಕು. ವಯಸ್ಸಿಗೆ ತಕ್ಕ ಎತ್ತರವಿಲ್ಲದಿದ್ದರೆ ಕೊರತೆ ಬಹುಕಾಲದ್ದು. ಎತ್ತರಕ್ಕೆ ತಕ್ಕ ತೂಕವಿಲ್ಲದಿದ್ದರೆ ಸಾಮಾನ್ಯವಾಗಿ ಇತ್ತೀಚಿನದು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾನದಂಡಕ್ಕಾಗಿ ಅಳೆದ ಆರು ದೇಶಗಳ ಮಕ್ಕಳಲ್ಲಿ ಭಾರತದ ಮಕ್ಕಳೂ ಇದ್ದರು. ಆದ್ದರಿಂದ "ನಮ್ಮವರೇ ಕುಳ್ಳರು" ಎಂಬ ಸಮಜಾಯಿಷಿ ನಡೆಯದು. ಈ ಪಟ್ಟಿ ಅಂಗನವಾಡಿಗಳಲ್ಲಿ ಲಭ್ಯ. 1975ರ ಅಕ್ಟೋಬರ್ 2ರಂದು ಈ ಯೋಜನೆ ಪ್ರಾಯೋಗಿಕವಾಗಿ ಆರಂಭವಾದ 33 ಕಡೆಗಳಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ನಮ್ಮ ಮುಂಬಯಿಯ ಧಾರಾವಿಯೂ ಸೇರಿದ್ದವು.

ಬಳಿಕ ಡಾಕ್ಟರರು ಅಜ್ಜಿಯನ್ನು ಕೇಳಿದ್ದು ಒಂದೇ ಪ್ರಶ್ನೆ: "ನಿನ್ನೆ ಬೆಳಗ್ಗಿನಿಂದ ರಾತ್ರಿಯವರೆಗೆ ಮಗು ಏನೇನು ತಿಂದಿತು?" ಚಹಾದಲ್ಲಿ ಅದ್ದಿದ ಬಿಸ್ಕತ್ತು, ಗಂಜಿ ತಿಳಿ, ಮತ್ತೆ ಬಿಸ್ಕತ್ತು. ಬೇಳೆ, ಮೊಟ್ಟೆ, ತುಪ್ಪದ ಸುದ್ದಿಯೇ ಇಲ್ಲ. ಆಹಾರದ ವಿಚಾರಣೆಯೂ ಒಂದು ಅಳತೆಯೇ!

ಇನ್ನು ದೊಡ್ಡವರ ವಿಷಯ. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿ.ಎಂ.ಐ. ಸಿಗುತ್ತದೆ. 18.5ಕ್ಕಿಂತ ಕಡಿಮೆಯಾದರೆ ಕೃಶ. ಭಾರತೀಯರಿಗೆ 23ರಿಂದಲೇ ಅಧಿಕ ತೂಕ, 25ರಿಂದ ಬೊಜ್ಜು. ನನ್ನ ತೂಕ 65 ಕಿಲೋ, ಎತ್ತರ 1.65 ಮೀಟರ್, ಬಿ.ಎಂ.ಐ. 23.9. "ಪರವಾಗಿಲ್ಲ" ಎಂದುಕೊಳ್ಳುವಷ್ಟರಲ್ಲಿ ಸೊಂಟಕ್ಕೆ ಟೇಪು ಬಿತ್ತು: 96 ಸೆಂ.ಮೀ. ಗಂಡಸರಿಗೆ 90, ಹೆಂಗಸರಿಗೆ 80 ಮಿತಿ. ಕುರ್ಚಿಯ ಕೆಲಸ, ಸ್ಟೇಶನ್ನಿನ ವಡಾಪಾವ್‌ಗಳ ಲೆಕ್ಕ ಅಲ್ಲಿ ಜಮೆಯಾಗಿತ್ತು. ಮೈತುಂಬಿಕೊಂಡಿದ್ದ ನನ್ನ ಮಡದಿಯ ಹಿಮೋಗ್ಲೋಬಿನ್ 9.8! ಗರ್ಭಿಣಿಯರಲ್ಲದ ಸ್ತ್ರೀಯರಿಗೆ ಕನಿಷ್ಠ 12 ಇರಬೇಕು. ರಕ್ತಹೀನತೆಯನ್ನು ತಕ್ಕಡಿ ತೋರಿಸುವುದಿಲ್ಲ.

ಎರಡು ತಿಂಗಳ ಬಳಿಕ ಆ ಅಜ್ಜಿ ಸಂಘದ ಭಜನೆಗೆ ಮೊಮ್ಮಗನನ್ನು ಕರೆತಂದರು. "12.6 ಆಯಿತು, ಬರೆದುಕೊಳ್ಳಿ" ಎಂದರು. ನನ್ನ ಸೊಂಟ ಇನ್ನೂ 94ರಲ್ಲೇ ಇದೆ.

ನಮ್ಮ ಸಂಘ-ಸಂಸ್ಥೆಗಳು ವಾರ್ಷಿಕೋತ್ಸವದ ಶಾಲು-ಹಾರಗಳ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಒಂದು ತೂಕದ ಯಂತ್ರ, ಎತ್ತರದ ಪಟ್ಟಿ ಮತ್ತು ತೋಳಿನ ಟೇಪನ್ನು ಇಟ್ಟುಕೊಂಡರೆ ಹೇಗೆ? ಮುಂದಿನ ಮಹಾಸಭೆಯಲ್ಲಿ ಬಂಧುಗಳು ಈ ವಿಷಯವನ್ನು ಎತ್ತಲಿ.